ಓತಿಯ ನೆತ್ತಿಗಣ್ಣು

ಬೇಲಿಯ ಮೇಲೆ ಬಿಸಿಲು ಕಾಯುತ್ತ ಕುಳಿತ ಓತಿಕ್ಯಾತವನ್ನು ನೀವು ನೋಡಿರುತ್ತೀರಿ. ಅದರ ನೆತ್ತಿಯ ನಡುವೆ ಒಂದು ಹುರುಪೆಯಲ್ಲಿ ಸಣ್ಣ ಚುಕ್ಕೆಯೊಂದಿದೆ. ಅದೇ ನೆತ್ತಿಗಣ್ಣು. ಗೋಡೆಯ ಮೇಲಿನ ಹಲ್ಲಿಗೆ ಇದಿಲ್ಲ. ಈ ಚುಕ್ಕೆ ನಿಜವಾಗಿಯೂ ಕಣ್ಣೇ? ಉತ್ತರಕ್ಕೆ ವಿಜ್ಞಾನಿಗಳು ಬಹುಕಾಲ ಶ್ರಮಿಸಬೇಕಾಯಿತು.

ಜರ್ಮನಿಯ ಅಂಗರಚನಾ ವಿಜ್ಞಾನಿ ಫ್ರಾಂಟ್ಸ್ ಲೈಡಿಗ್ 1872ರಲ್ಲಿ ಯುರೋಪಿನ ಓತಿಗಳಲ್ಲಿ ಈ ಅಂಗವನ್ನು ವರ್ಣಿಸಿದರು. ಆದರೆ ಅದು ಕಣ್ಣೆಂದು ಅವರು ಗುರುತಿಸಲಿಲ್ಲ. 1886ರಲ್ಲಿ ಡಿ ಗ್ರಾಫ್ ಕಾಲಿಲ್ಲದ ಓತಿಯೊಂದರಲ್ಲಿಯೂ, ಇಂಗ್ಲೆಂಡಿನ ಬಾಲ್ಡ್‌ವಿನ್ ಸ್ಪೆನ್ಸರ್ ನ್ಯೂಜಿಲೆಂಡಿನ ಟುವಾಟಾರದಲ್ಲಿಯೂ ಇದರ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಮಸೂರ, ಅಕ್ಷಿಪಟಲ, ನರ ಎಲ್ಲವೂ ಅಲ್ಲಿದ್ದವು! ಒಂದು ವಿಚಿತ್ರವೂ ಇತ್ತು. ನಮ್ಮ ಅಕ್ಷಿಪಟಲದಲ್ಲಿ ಬೆಳಕು ಗ್ರಹಿಸುವ ಕೋಶಗಳ ತುದಿ ಬೆಳಕಿಗೆ ಬೆನ್ನು ಮಾಡಿರುತ್ತದೆ. ನೆತ್ತಿಗಣ್ಣಿನಲ್ಲಿ ಅದು ಮಸೂರದತ್ತ ಮುಖ ಮಾಡಿದೆ.

ರಚನೆಯೇನೋ ತಿಳಿಯಿತು, ಕೆಲಸ? ಇದು ಪೂರ್ವಜರಿಂದ ಉಳಿದುಬಂದ, ಕ್ಷೀಣಿಸಿದ ಅಂಗವೆಂಬ ಭಾವನೆ ಬೇರೂರಿತು. ಸೂಕ್ಷ್ಮದರ್ಶಕವೊಂದರಿಂದಲೇ ಅದನ್ನು ಅಲ್ಲಗಳೆಯುವಂತಿರಲಿಲ್ಲ, ಪ್ರಯೋಗ ಬೇಕಿತ್ತು.

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಟೆಬಿನ್ಸ್ ಮತ್ತು ಈಕಿನ್ ತಮ್ಮ ಪ್ರಯೋಗವನ್ನು 1958ರಲ್ಲಿ ಪ್ರಕಟಿಸಿದರು. ಕೆಲವು ಓತಿಗಳ ನೆತ್ತಿಗಣ್ಣನ್ನು ತೆಗೆದು, ಅದನ್ನು ಉಳಿಸಿಕೊಂಡ ಓತಿಗಳೊಡನೆ ಅವರು ಹೋಲಿಸಿದರು. ಕಣ್ಣು ಕಳೆದುಕೊಂಡವು ಹೆಚ್ಚು ಹೊತ್ತು ಬಿಸಿಲಿನಲ್ಲಿ ಉಳಿದವು, ಹೆಚ್ಚು ಓಡಾಡಿದವು. ಓತಿಯ ದೇಹದ ಉಷ್ಣತೆ ಹೊರಗಿನ ಶಾಖವನ್ನೇ ಅವಲಂಬಿಸಿದೆ. ಆದ್ದರಿಂದ ಬಿಸಿಲು ಸಾಕೆಂದು ತಿಳಿಯುವುದು ಅದಕ್ಕೆ ಅಳಿವು ಉಳಿವಿನ ಪ್ರಶ್ನೆ. 1962ರಲ್ಲಿ ಮಿಲ್ಲರ್ ಮತ್ತು ವೋಲ್ಬಾರ್ಷ್ಟ್ ನೆತ್ತಿಗಣ್ಣಿನ ನರ ಚಟುವಟಿಕೆಯನ್ನು ದಾಖಲಿಸಿದರು. ಬೆಳಕಿಗೆ ಅದು ಸ್ಪಂದಿಸುತ್ತಿತ್ತು.

2006ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಇಲ್ಲಿನ ಒಂದೇ ಕೋಶದಲ್ಲಿ ಎರಡು ವರ್ಣಕಗಳಿವೆ. ನೀಲಿ ಬೆಳಕು ಬಿದ್ದಾಗ ಒಂದು ಬಗೆಯ, ಹಸಿರು ಬೆಳಕು ಬಿದ್ದಾಗ ಅದಕ್ಕೆ ವಿರುದ್ಧವಾದ ವಿದ್ಯುತ್ ಸಂಕೇತ ಹುಟ್ಟುತ್ತದೆ. ಬೆಳಗು, ಮುಸ್ಸಂಜೆಗಳಲ್ಲಿ ಬದಲಾಗುವ ಬೆಳಕಿನ ಬಣ್ಣವನ್ನು ಅಳೆಯಲು ಈ ಏರ್ಪಾಡು ತಕ್ಕದ್ದು ಎಂದು ಸಂಶೋಧಕರು ಸೂಚಿಸಿದರು.

ನಮಗೆ ನೆತ್ತಿಗಣ್ಣಿಲ್ಲ. ಆದರೆ ಅದರ ಬಂಧುವಾದ ಪೀನಿಯಲ್ ಗ್ರಂಥಿ ನಮ್ಮ ಮಿದುಳಿನೊಳಗೆ ಹುದುಗಿದೆ. ಬೆಳಕು ಅದಕ್ಕೆ ನೇರವಾಗಿ ತಟ್ಟುವುದಿಲ್ಲ. ಹಗಲು ರಾತ್ರಿಗಳ ಸುದ್ದಿ ನಮ್ಮ ಎರಡು ಕಣ್ಣುಗಳಿಂದ ನರಗಳ ಮೂಲಕ ಅದನ್ನು ಮುಟ್ಟುತ್ತದೆ. ಕತ್ತಲಾದಾಗ ಅದು ಮೆಲಟೋನಿನ್ ಸ್ರವಿಸುತ್ತದೆ.