ಎರಡನೆಯ ಕರೆ

ಕೊರಿಯಾ ಯುದ್ಧವೆಂದೊಡನೆ ನಮ್ಮವರಿಗೆ ನೆನಪಾಗುವುದು ಕೊಡಗಿನ ಕೆ. ಎಸ್. ತಿಮ್ಮಯ್ಯನವರು. 1953ರಲ್ಲಿ ಕದನವಿರಾಮವಾದ ಮೇಲೆ, ಸ್ವದೇಶಕ್ಕೆ ಮರಳಲೊಪ್ಪದ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. ಶಾಲೆಯ ಪಾಠ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಆ ಯುದ್ಧಕ್ಕೆ ಇನ್ನೊಂದು ಮುಖವೂ ಉಂಟು. ಒಮ್ಮೆ ಯುದ್ಧ ಮುಗಿಸಿ ಮನೆ ಸೇರಿದ್ದ ಅಮೆರಿಕದ ಸಾವಿರಾರು ಸೈನಿಕರನ್ನು ಮತ್ತೆ ರಣರಂಗಕ್ಕೆ ಕರೆಸಿಕೊಂಡ ಕಥೆ ಅದು.

1945ರಲ್ಲಿ ಅಮೆರಿಕದ ಭೂಸೇನೆಯಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿಯಿದ್ದರು. ಐದೇ ವರ್ಷಗಳಲ್ಲಿ ಆ ಸಂಖ್ಯೆ ಸುಮಾರು 6 ಲಕ್ಷಕ್ಕೆ ಇಳಿದಿತ್ತು. ಬಿಡುಗಡೆ ಹೊಂದಿದವರಲ್ಲಿ ಅನೇಕರು ಮೀಸಲು ಪಡೆಯಲ್ಲಿ ಹೆಸರು ಉಳಿಸಿಕೊಂಡಿದ್ದರು. ಈ ಮೀಸಲಿನಲ್ಲಿ ಎರಡು ಬಗೆ. ಒಂದು ವರ್ಗದವರು ನಿಯತವಾಗಿ ಕವಾಯತಿಗೆ ಹೋಗಿ ಅದಕ್ಕೆ ಸಂಬಳ ಪಡೆಯುತ್ತಿದ್ದರು. ಇನ್ನೊಂದು ವರ್ಗದವರಿಗೆ ಕವಾಯತೂ ಇಲ್ಲ, ಸಂಬಳವೂ ಇಲ್ಲ. ಕಡತದಲ್ಲಿ ಹೆಸರು ಮಾತ್ರ.

1950ರ ಜೂನ್ 25ರಂದು ಯುದ್ಧ ಆರಂಭವಾಯಿತು. ಆಗ ಭೂಸೇನೆಯು ಈ ಎರಡನೆಯ ವರ್ಗದವರನ್ನೇ ದೊಡ್ಡ ಸಂಖ್ಯೆಯಲ್ಲಿ ಮೊದಲು ಕರೆಯಿತು. ಇದು ವಿಚಿತ್ರವೆನಿಸಿದರೂ ಸೇನೆಗೆ ಅದರದೇ ತರ್ಕವಿತ್ತು. ಕಾದಾಡುತ್ತಿದ್ದ ತುಕಡಿಗಳಲ್ಲಿ ತೆರವಾದ ಸ್ಥಾನಗಳಿಗೆ ಅನುಭವಿಗಳು ಒಬ್ಬೊಬ್ಬರಾಗಿ ತುರ್ತಾಗಿ ಬೇಕಾಗಿದ್ದರು. ಸಂಘಟಿತ ಮೀಸಲು ತುಕಡಿಗಳನ್ನು ಒಡೆದುಬಿಟ್ಟರೆ, ಮುಂದೆ ಯುರೋಪಿನಲ್ಲಿ ಮಹಾಯುದ್ಧವೇ ಬಂದಲ್ಲಿ ಗತಿಯೇನೆಂಬ ಅಂಜಿಕೆಯೂ ಇತ್ತು. ಆದರೆ ಕರೆ ಬಂದವನು ಅಷ್ಟರಲ್ಲಿ ಮದುವೆಯಾಗಿ, ಮಕ್ಕಳ ತಂದೆಯಾಗಿ, ಹೊಸ ಉದ್ಯೋಗದಲ್ಲಿ ನೆಲೆಯೂರಿದ್ದ. ಕಡತದಲ್ಲಿದ್ದುದು ಅವನ ಸೈನಿಕ ತರಬೇತಿಯ ವಿವರ. ನಡುವಿನ ಐದು ವರ್ಷಗಳ ಬಾಳು ಅದರಲ್ಲಿ ಇರಲಿಲ್ಲ.

ಬೇಸ್‌ಬಾಲ್ ಆಟದಲ್ಲಿ ವಿಶ್ವವಿಖ್ಯಾತರಾದ ಟೆಡ್ ವಿಲಿಯಮ್ಸ್ ಅವರಿಗೂ ಇಂಥ ಕರೆ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಮರೀನ್ ದಳದ ವಿಮಾನ ಚಾಲಕರಾಗಿದ್ದರು. 1952ರಲ್ಲಿ ಸೇವೆಗೆ ಮರಳುವಾಗ ಅವರಿಗೆ 33 ವರ್ಷ. ಆಟಗಾರನ ಬದುಕಿನಲ್ಲಿ ಆ ವಯಸ್ಸಿನ ಒಂದೊಂದು ವರ್ಷವೂ ಅಮೂಲ್ಯ. ಮನಸ್ಸಿನ ಕಹಿಯನ್ನು ಅವರು ಬಚ್ಚಿಡಲಿಲ್ಲ; ಆದರೂ ಹೋದರು. 1953ರ ಫೆಬ್ರವರಿ 16ರಂದು ಶತ್ರುಗಳ ಗುಂಡೇಟಿಗೆ ಸಿಕ್ಕಿದ ತಮ್ಮ ಜೆಟ್ ವಿಮಾನವನ್ನು ಚಕ್ರಗಳಿಲ್ಲದೆಯೇ ನೆಲಕ್ಕಿಳಿಸಿ ಪ್ರಾಣ ಉಳಿಸಿಕೊಂಡರು. ಒಟ್ಟು 39 ಬಾರಿ ಯುದ್ಧಹಾರಾಟ ನಡೆಸಿ, ಅದೇ ವರ್ಷ ಆಟದ ಮೈದಾನಕ್ಕೆ ಹಿಂತಿರುಗಿದರು.

ಖ್ಯಾತನಾಮರ ಕಥೆ ಉಳಿಯುತ್ತದೆ. ಅಂಗಡಿಯನ್ನೋ ಹೊಲವನ್ನೋ ಬಿಟ್ಟುಹೋದವರ ಕಥೆ ಅವರವರ ಮನೆಗಳಲ್ಲೇ ಉಳಿಯಿತು. ಆದರೆ ಅವರ ಅಸಮಾಧಾನ ವ್ಯರ್ಥವಾಗಲಿಲ್ಲ. 1952ರಲ್ಲಿ ಅಮೆರಿಕದ ಸಂಸತ್ತು ಮೀಸಲು ಪಡೆಗಳ ಕಾಯಿದೆಯನ್ನು ಅಂಗೀಕರಿಸಿ, ಮೀಸಲನ್ನು ಸನ್ನದ್ಧ, ಕಾಯ್ದಿರಿಸಿದ ಮತ್ತು ನಿವೃತ್ತ ಎಂಬ ಮೂರು ವರ್ಗಗಳಾಗಿ ವಿಂಗಡಿಸಿತು. ಸನ್ನದ್ಧ ಮೀಸಲನ್ನು ಅಧ್ಯಕ್ಷರು ಘೋಷಿಸಿದ ತುರ್ತುಪರಿಸ್ಥಿತಿಯಲ್ಲಿ ಕರೆಯಬಹುದು; ಕಾಯ್ದಿರಿಸಿದವರನ್ನು ಕರೆಯಲು ಸಂಸತ್ತೇ ಯುದ್ಧವನ್ನೋ ತುರ್ತುಪರಿಸ್ಥಿತಿಯನ್ನೋ ಘೋಷಿಸಬೇಕು. ಯಾರ ಸರದಿ ಮೊದಲು, ಯಾರದು ಅನಂತರ ಎಂಬುದು ಹೀಗೆ ಕಾನೂನಿನಲ್ಲಿ ಸ್ಪಷ್ಟವಾಯಿತು.

ದೇಶಕ್ಕಾಗಿ ದುಡಿಯುವುದು ದೊಡ್ಡದು, ನಿಜ. ಆದರೆ ಒಮ್ಮೆ ಹೊರೆ ಹೊತ್ತವನ ಹೆಗಲು ಪಳಗಿದೆಯೆಂದು ಮರಳಿ ಮರಳಿ ಅವನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಈ ಮಾತು ಸೈನ್ಯಕ್ಕೆ ಮಾತ್ರವಲ್ಲ, ಸಂಸಾರಕ್ಕೂ ಸಲ್ಲುತ್ತದೆ. ನಿಮ್ಮ ನಿಮ್ಮ ಮನೆಗಳಲ್ಲಿ ಆ ಹೆಗಲು ಯಾರದೆಂದು ನೀವೇ ಯೋಚಿಸಿ ನೋಡಿ.