ಕುಷ್ಟಗಿಯಿಂದ ಇಬ್ಬರು

1952ರ ಪ್ರಥಮ ಮಹಾಚುನಾವಣೆಯಲ್ಲಿ ಕುಷ್ಟಗಿ ಎಂಬ ಹೆಸರಿನ ಲೋಕಸಭಾ ಕ್ಷೇತ್ರವೇ ಇತ್ತೆಂದರೆ ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಕೊಪ್ಪಳ, ಗಂಗಾವತಿ, ಯಲಬುರ್ಗಾ ಸೀಮೆಯೆಲ್ಲ ಆಗ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಕುಷ್ಟಗಿಯಿಂದ ಗೆದ್ದು ದೆಹಲಿಗೆ ಹೋದವರು ಅಳವಂಡಿ ಶಿವಮೂರ್ತಿ ಸ್ವಾಮಿಗಳು. ನಿಜಾಮನ ಆಡಳಿತದ ವಿರುದ್ಧ ಮುಂಡರಗಿ ಶಿಬಿರವನ್ನು ಮುನ್ನಡೆಸಿದ್ದವರು ಅವರೇ. ನಿಂತದ್ದು ಪಕ್ಷೇತರರಾಗಿ. ಆದ್ದರಿಂದ 'ಹೀಗೆ ಮತ ಹಾಕಿ' ಎಂದು ಅವರಿಗೆ ಆಜ್ಞಾಪಿಸುವ ಸಚೇತಕ ಯಾರೂ ಇರಲಿಲ್ಲ. ಆ ಲೋಕಸಭೆಯಲ್ಲಿ ಮಾನ್ಯತೆ ಪಡೆದ ವಿರೋಧ ಪಕ್ಷದ ನಾಯಕರೂ ಇರಲಿಲ್ಲ. ಅಂಥ ಮಾನ್ಯತೆ ಮೊದಲು ದೊರೆತದ್ದು 1969ರಲ್ಲಿ, ಕಾಂಗ್ರೆಸ್ ಒಡೆದ ಬಳಿಕ, ರಾಮ್ ಸುಭಗ್ ಸಿಂಗ್ ಅವರಿಗೆ.

ಈಗ 2023ಕ್ಕೆ ಬರೋಣ. ಮೇ 13ರಂದು ಕರ್ನಾಟಕ ವಿಧಾನಸಭೆಯ ಫಲಿತಾಂಶ ಬಂತು. ಭಾರತೀಯ ಜನತಾ ಪಕ್ಷ 66 ಸ್ಥಾನ ಪಡೆದು ವಿರೋಧ ಪಕ್ಷವಾಯಿತು. ಕೊಪ್ಪಳ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ಅದಕ್ಕೆ ದಕ್ಕಿದ್ದು ಕುಷ್ಟಗಿ ಒಂದೇ. ಜುಲೈ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮುಂಗಡಪತ್ರ ಮಂಡಿಸಿದಾಗ ವಿರೋಧ ಪಕ್ಷದ ನಾಯಕನ ಆಸನ ಖಾಲಿ! ಆರ್. ಅಶೋಕ ಅವರ ಆಯ್ಕೆಯಾದದ್ದು ನವೆಂಬರ್ 17ರಂದು, ದೆಹಲಿಯಿಂದ ಬಂದ ವೀಕ್ಷಕರ ಸಮ್ಮುಖದಲ್ಲಿ. ಡಿಸೆಂಬರ್ ಕೊನೆಯಲ್ಲಿ ಅರವಿಂದ ಬೆಲ್ಲದ ಉಪನಾಯಕರಾದರು; ಕುಷ್ಟಗಿಯ ದೊಡ್ಡನಗೌಡ ಪಾಟೀಲರು ಮುಖ್ಯ ಸಚೇತಕರಾದರು. ಇವೆರಡು ಚುನಾಯಿತ ಹುದ್ದೆಗಳಲ್ಲ, ಪಕ್ಷದ ನೇಮಕಗಳು. ಒಂದು ತಂಡ ಪೂರ್ಣಗೊಳ್ಳಲು ಏಳು ತಿಂಗಳು ಹಿಡಿಯಿತು. ಇಷ್ಟು ಕಾಲ ಸದನಕ್ಕೆ ಇದು ನಷ್ಟವೆಂದೇ ನನ್ನ ಎಣಿಕೆ. ಕಾಂಗ್ರೆಸ್ಸಿನಲ್ಲೂ ವೀಕ್ಷಕರು ಬರುವುದು ಹಳೆಯ ರೂಢಿಯೇ.

ಶಾಸಕರೇ ಮತ ಹಾಕಿ ತಂಡವನ್ನು ಆರಿಸಬಾರದೇ? ಬ್ರಿಟನ್ನಿನ ಲೇಬರ್ ಪಕ್ಷ ವಿರೋಧದಲ್ಲಿದ್ದಾಗ ತನ್ನ ಛಾಯಾ ಮಂತ್ರಿಮಂಡಲವನ್ನು ಸಂಸತ್ ಸದಸ್ಯರ ಮತದಿಂದಲೇ ಆರಿಸುತ್ತಿತ್ತು. 2011ರಲ್ಲಿ ಆ ಪದ್ಧತಿಯನ್ನು ಅದೇ ಕೈಬಿಟ್ಟಿತು. ನಮ್ಮಲ್ಲೂ ಮತಪೆಟ್ಟಿಗೆ ಅಪರಿಚಿತವಲ್ಲ. ಆಡಳಿತ ಪಕ್ಷದ ಉದಾಹರಣೆಯಾದರೂ ಹೇಳಬೇಕು: 1966ರ ಜನವರಿ 19ರಂದು ಕಾಂಗ್ರೆಸ್ ಸಂಸದೀಯ ಪಕ್ಷದ ಗುಪ್ತ ಮತದಾನದಲ್ಲಿ ಇಂದಿರಾ ಗಾಂಧಿಯವರಿಗೆ 355, ಮೊರಾರ್ಜಿ ದೇಸಾಯಿಯವರಿಗೆ 169 ಮತ ಬಂದವು. ವಿಜ್ಞಾನ ಓದಿದ ನನ್ನಂಥವರಿಗೆ 'ಒಮ್ಮತ' ಎಂಬ ಪದಕ್ಕಿಂತ ಇಂಥ ಅಂಕಿಗಳೇ ಹೆಚ್ಚು ನಂಬಿಕೆ ತರುತ್ತವೆ. ಆ 169 ಮಂದಿ ಒಪ್ಪಲಿಲ್ಲ ಎಂಬುದು ದಾಖಲೆಯಲ್ಲಿ ಉಳಿದಿದೆ.

ಕಾನೂನು ಮಾತ್ರ ಬೇರೆ ದಾರಿ ಹಿಡಿದಿದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ಆದೇಶ ಮೀರಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಆ ಆದೇಶ ಸದಸ್ಯರಿಗೆ ತಲುಪುವುದು ಸಚೇತಕರ ಮೂಲಕ. ಅವರನ್ನು ನೇಮಿಸಬೇಕಾದವರು ಯಾರು? ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಉತ್ತರ ನೀಡಿತು: ಸಚೇತಕರನ್ನೂ ಸದನದಲ್ಲಿನ ಪಕ್ಷದ ನಾಯಕರನ್ನೂ ನೇಮಿಸುವ ಅಧಿಕಾರ ರಾಜಕೀಯ ಪಕ್ಷದ್ದು, ಶಾಸಕಾಂಗ ಪಕ್ಷದ್ದಲ್ಲ. ತೀರ್ಪು ಬಂದದ್ದು 2023ರ ಮೇ 11ರಂದು, ಕರ್ನಾಟಕದ ಮತ ಎಣಿಕೆಗೆ ಎರಡು ದಿನ ಮೊದಲು.