ಹೊರಸಿನಿಂದ ಬಚ್ಚಲಿನವರೆಗೆ

ಶಹಾಬಾದಿನ ಹಳೆಯ ಮನೆಯಲ್ಲಿ ಮೊಣಕಾಲು ಸೋತ ಮುತ್ಯಾನಿಗೆ ದಿನದ ದೊಡ್ಡ ಪ್ರಯಾಣವೆಂದರೆ ಹೊರಸಿನಿಂದ ಬಚ್ಚಲಿಗೆ ಹೋಗುವುದು. ನಡುವೆ ಎತ್ತರದ ಹೊಸ್ತಿಲು, ಎರಡು ಮೆಟ್ಟಿಲು, ಅಂಗಳದ ಫರ್ಸಿ. ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುವ ಆ ಕಲ್ಲೇ ಸೋಪಿನ ನೀರು ಬಿದ್ದರೆ ಕಾಲು ಜಾರಿಸುತ್ತದೆ. ಮಕ್ಕಳು ಹೈದರಾಬಾದ್, ಪುಣೆ, ಬೆಂಗಳೂರು ಸೇರಿ, ವಯಸ್ಸಾದವರಷ್ಟೇ ಉಳಿದ ಮನೆಗಳು ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯಲ್ಲೂ ಇವೆ. ಹಿರಿಯರು ತಮ್ಮ ಕೆಲಸ ತಾವೇ ಮಾಡಿಕೊಂಡು ಬಾಳಲು ತಂತ್ರಜ್ಞಾನ ಎಷ್ಟು ನೆರವಾಗಿದೆ ಎಂಬುದನ್ನು ನಾನು ಅಳೆಯುವುದು ಈ ಹಾದಿಯ ಮೇಲೆಯೇ.

ಮೊದಲಿದ್ದದ್ದು ಕೋಲು, ತೊಲೆಗೆ ಕಟ್ಟಿದ ಹಗ್ಗ, ತಲೆದೆಸೆಯಲ್ಲಿ ನೀರಿನ ತಂಬಿಗೆ. ಹಗ್ಗ ಹಿಡಿದು ಏಳುತ್ತಿದ್ದ ಹಿರಿಯರನ್ನು ಕಂಡಿದ್ದೇನೆ. ಆಸ್ಪತ್ರೆಯ ಮಂಚದ ಮೇಲೆ ಇಂದು ತೂಗುವ ತ್ರಿಕೋನ ಹಿಡಿಕೆ ಮಾಡುವುದೂ ಅದೇ ಕೆಲಸ.

ಗಾಲಿಕುರ್ಚಿಯ ಕಥೆಗೂ ಕಲ್ಲುಗಣಿಯ ನಮ್ಮ ಸೀಮೆಗೂ ಒಂದು ನಂಟು ಕಾಣುತ್ತದೆ. ಅಮೆರಿಕದಲ್ಲಿ ಗಣಿ ಅಪಘಾತದಿಂದ ನಡೆಯಲಾಗದೆ ಹೋದ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್ ತನ್ನ ಗೆಳೆಯ ಹ್ಯಾರಿ ಜೆನಿಂಗ್ಸ್ ಜೊತೆ ಸೇರಿ 1933ರಲ್ಲಿ ಮಡಚುವ ಉಕ್ಕಿನ ಕುರ್ಚಿ ಮಾಡಿದ. ಭಾರತದಲ್ಲಿ ಇಂಥ ಸಾಧನಗಳಿಗಾಗಿಯೇ 1972ರಲ್ಲಿ ಕಾನ್ಪುರದಲ್ಲಿ ಅಲಿಮ್ಕೊ ಎಂಬ ಸಂಸ್ಥೆ ಸ್ಥಾಪನೆಯಾಯಿತು. 2017ರ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣಯಂತ್ರಗಳನ್ನು ಉಚಿತವಾಗಿ ಕೊಡತೊಡಗಿತು. ಕುರ್ಚಿಯೇನೋ ಬಂತು, ಮನೆ ಮಾತ್ರ ಹಳೆಯದೇ ಉಳಿಯಿತು. ಒಂದಡಿ ಏರಲು 12 ಅಡಿ ಇಳಿಜಾರು ಬೇಕೆನ್ನುವುದು ಒಪ್ಪಿತ ಅಳತೆ. ಒಂದೂವರೆ ಅಡಿಯ ಕಟ್ಟೆಗೆ 18 ಅಡಿಯಾಯಿತು. ನಮ್ಮ ಎಷ್ಟೋ ಓಣಿಗಳಿಗೆ ಅಷ್ಟು ಅಗಲವೇ ಇಲ್ಲ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮನೆಯ ಶೌಚಾಲಯ. ಅದನ್ನು ತಂತ್ರಜ್ಞಾನವೆಂದು ಯಾರೂ ಕರೆಯುವುದಿಲ್ಲ. ಆದರೆ ನಸುಕಿನಲ್ಲಿ ಚರಿಗೆ ಹಿಡಿದು ಯಾರದೋ ಹೆಗಲ ಮೇಲೆ ಭಾರ ಹಾಕಿ ಹೊಲಕ್ಕೆ ಹೋಗುತ್ತಿದ್ದ ಆಯಿಯನ್ನು ಕೇಳಿ ನೋಡಿ. 2014ರ ಸ್ವಚ್ಛ ಭಾರತ ಅಭಿಯಾನದ ನಂತರ ಹಳ್ಳಿಗಳಲ್ಲಿ ಶೌಚಾಲಯ ಕಟ್ಟುವ ಕೆಲಸಕ್ಕೆ ವೇಗ ಬಂತು. ಕಟ್ಟಿದ್ದರಲ್ಲಿ ಹೆಚ್ಚಿನವು ಕುಕ್ಕರುಗಾಲಲ್ಲಿ ಕೂರುವಂಥವು. ಮಂಡಿ ಬಗ್ಗದವರಿಗೆ ಅದೂ ಕಷ್ಟವೇ. ಅದರ ಮೇಲೆ ಇಡುವ, ನಡುವೆ ತೂತಿರುವ ಕುರ್ಚಿ ಎಷ್ಟೋ ಜನರ ಮಾನ ಕಾಯ್ದಿದೆ.

ಇನ್ನೊಂದು ಬದಲಾವಣೆ ಫೋನು. ಬಿದ್ದವರು ಗುಂಡಿ ಒತ್ತಿ ನೆರವು ಕರೆಯುವ ವ್ಯವಸ್ಥೆಯನ್ನು ಅಮೆರಿಕದಲ್ಲಿ ಆಂಡ್ರ್ಯೂ ಡಿಬ್ನರ್ 1974ರಲ್ಲಿ ಲೈಫ್‌ಲೈನ್ ಎಂಬ ಹೆಸರಲ್ಲಿ ಶುರುಮಾಡಿದರು. ಕರ್ನಾಟಕದಲ್ಲಿ 108 ಆಂಬ್ಯುಲೆನ್ಸ್ ಸೇವೆ 2008ರಲ್ಲಿ ಬಂತು. ಮೊಬೈಲುಗಳಲ್ಲಿ ತುರ್ತು ಗುಂಡಿ ಇರಲೇಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಹಿರಿಯರಿಗೆಂದೇ 14567 ಸಹಾಯವಾಣಿ ಇದೆ. ಆದರೂ ಗುಂಡಿ ಒತ್ತಿದ ಮೇಲೆ ಬಾಗಿಲು ತೆರೆಯಲು ಒಬ್ಬರು ಬೇಕು. ಒಳಗಿನಿಂದ ಅಗಳಿ ಹಾಕಿಕೊಂಡು ಮಲಗುವವರ ಮನೆಯಲ್ಲಿ ಫೋನಿನಷ್ಟೇ ಮುಖ್ಯವಾದದ್ದು, ಹೊರಗಿನಿಂದಲೂ ತೆರೆಯುವ ಬೀಗ ಮತ್ತು ಅದರ ಇನ್ನೊಂದು ಕೀಲಿಕೈ ಇಟ್ಟುಕೊಂಡ ನೆರೆಮನೆಯವರು.

ಮಾತಿಗೆ ದೀಪ ಹತ್ತಿಸುವ ಯಂತ್ರಗಳೂ ಮಾರುಕಟ್ಟೆಯಲ್ಲಿವೆ. ಕುಳಿತವರನ್ನು ಎಬ್ಬಿಸಿ ನಿಲ್ಲಿಸುವ 'ಅರೈಸ್' ಗಾಲಿಕುರ್ಚಿಯನ್ನು ಮದ್ರಾಸ್ ಐಐಟಿ 2019ರಲ್ಲಿ ಹೊರತಂದಿತು. ವಿದ್ಯುತ್ತಿನಿಂದ ನಡೆಯುವ ಸಾಧನಗಳಿಗಾದರೆ ನಮ್ಮಲ್ಲಿ ಮೊದಲ ಪ್ರಶ್ನೆ ಕರೆಂಟಿನದು. 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿನ ಗೃಹಜ್ಯೋತಿಗೆ 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲೇ ಚಾಲನೆ ಸಿಕ್ಕಿತು. ಬಿಲ್ಲಿನ ಭಯ ಕಡಿಮೆಯಾಯಿತು. ಆದರೆ ಬೆನ್ನು ಹುಣ್ಣಾಗದಂತೆ ಹಾಸುವ ಗಾಳಿ ಹಾಸಿಗೆಗೆ ಪಂಪು ಸದಾ ಓಡುತ್ತಿರಬೇಕು. ಕರೆಂಟು ಹೋಗಿ ಹೊತ್ತಾದರೆ ಮಲಗಿದವರ ಮೈ ಗಟ್ಟಿ ಮಂಚಕ್ಕೆ ಒತ್ತತೊಡಗುತ್ತದೆ. ಇಂಥ ಮನೆಯಲ್ಲಿ ಇನ್ವರ್ಟರನ್ನು ಟಿವಿಗಿಂತ ಮೊದಲು ಹಾಸಿಗೆಗೆ ಜೋಡಿಸಬೇಕು.

ಮತ್ತೆ ಬಚ್ಚಲಿಗೆ ಬರೋಣ. ಗೋಡೆಗೆ ಸ್ಟೀಲ್ ಹಿಡಿಕೆ ಕೂರಿಸಿದರೆ ಅರ್ಧ ಭಯ ಕಳೆದಂತೆ. ಆದರೆ ಕಲ್ಲಿನ ನಡುವೆ ಮಣ್ಣು ಮೆತ್ತಿದ ಹಳೆ ಗೋಡೆಯ ಸಂದಿಗೆ ಮೊಳೆ ನಿಲ್ಲುವುದಿಲ್ಲ, ಮೈಭಾರ ಬಿದ್ದ ದಿನವೇ ಕಿತ್ತು ಬರುತ್ತದೆ. ಕಲ್ಲನ್ನೇ ಕೊರೆದು ಬೋಲ್ಟ್ ಹಾಕಬೇಕು. ಅದಾಗದಿದ್ದರೆ ನೆಲದಿಂದ ತೊಲೆಯವರೆಗೆ ಒಂದು ಕಬ್ಬಿಣದ ಪೈಪು ನಿಲ್ಲಿಸಿ ಎರಡೂ ತುದಿ ಬಿಗಿಯಬೇಕು. ಹೊರಸಿನ ಬಳಿ ಹಗ್ಗ ತೂಗುತ್ತಿದ್ದ ತೊಲೆಗೂ ಇಂಥದ್ದೊಂದನ್ನು ಬಿಗಿಯಬಹುದು. ಊರಿನ ವೆಲ್ಡಿಂಗ್ ಅಂಗಡಿಯವನಿಗೆ ಅದು ಅರ್ಧ ದಿನದ ಕೆಲಸ.